ಇನ್ನೂರು ಡಾಲರ್ ಕಂಟ್ರೋಲರ್ ಒಳಗೆ ಏನಿದೆ?

ರಜೆ ಹತ್ತಿರ ಬಂದ ಹಾಗೆ ಅಮೆರಿಕದ ಕೇಳುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಮಗ ಗೇಮ್ ಕಂಟ್ರೋಲರ್ ಬೇಕು ಅಂತಿದ್ದಾನೆ, 30 ಡಾಲರಿಂದು ಸಾಕಾ, 200 ಡಾಲರಿಂದೇ ಬೇಕಾ? ಇವತ್ತು ಇದನ್ನು ಬಿಚ್ಚಿ ನೋಡೋಣ. ನಿಜವಾಗಿಯೂ ಬಿಚ್ಚಿ, ಯಾಕಂದ್ರೆ ಮೊನ್ನೆ ನಾವು ಅದೇ ಕೆಲಸ ಮಾಡಿದ್ವಿ.

ನಮ್ಮ ಮನೆಯ ಕಂಟ್ರೋಲರ್ ಎರಡನೇ ವರ್ಷಕ್ಕೇ ಹಟ ಹಿಡಿಯಿತು. ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಆಟಗಾರ ತನ್ನ ಪಾಡಿಗೆ ಎಡಕ್ಕೆ ನಡೀತಾನೆ. ಇದಕ್ಕೆ ಸ್ಟಿಕ್ ಡ್ರಿಫ್ಟ್ ಅಂತಾರೆ. ಹೆಬ್ಬೆರಳಿನ ಸ್ಟಿಕ್ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ, ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಊರಿನ ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸಿದಾಗ ಕರಕರ ಅಂತಿತ್ತಲ್ಲ, ಅದರ ತಮ್ಮನೇ ಇದು. ಕಾರ್ಬನ್ ಪಟ್ಟಿಯ ಮೇಲೆ ಪುಟ್ಟ ಲೋಹದ ತುದಿ ಉಜ್ಜುತ್ತಾ ಓಡಾಡುತ್ತೆ. ಅದು ನಿಂತ ಜಾಗಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತೆ. ಪಟ್ಟಿ ಸವೆದರೆ, ಸ್ಟಿಕ್ ನೆಟ್ಟಗೆ ನಡುವೆ ನಿಂತಿದ್ದರೂ ವೋಲ್ಟೇಜ್ ಮಾತ್ರ ‘ನಾನು ಸ್ವಲ್ಪ ಎಡಕ್ಕಿದ್ದೇನೆ’ ಅನ್ನುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡೆಡ್ ಝೋನ್ ಹೆಚ್ಚಿಸಿ ಕೆಲವು ದಿನ ತಳ್ಳಬಹುದು, ಆದರೆ ಆಗ ಆಟ ನಿಮ್ಮ ಸಣ್ಣ ಚಲನೆಗಳನ್ನೂ ಲೆಕ್ಕಕ್ಕೆ ತಗೊಳ್ಳಲ್ಲ.

ಉಜ್ಜಾಟವೇ ಇಲ್ಲದ ದಾರಿ ಒಂದಿದೆ. ವಿದ್ಯುತ್ ಹರಿಯುವ ವಾಹಕಕ್ಕೆ ಅಡ್ಡಲಾಗಿ ಕಾಂತಕ್ಷೇತ್ರ ಬಂದರೆ ಅದರ ಬದಿಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತೆ. ಇದನ್ನು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ. ಸ್ಟಿಕ್ ಬುಡಕ್ಕೆ ಮ್ಯಾಗ್ನೆಟ್, ಪಕ್ಕದಲ್ಲಿ ಹಾಲ್ ಸೆನ್ಸರ್. ಒಂದಕ್ಕೊಂದು ತಾಗುವುದೇ ಇಲ್ಲ. ಹೊಸದೇನಲ್ಲ ಬಿಡಿ, 1998ರ ಸೆಗಾ ಡ್ರೀಮ್‌ಕಾಸ್ಟ್‌ನಲ್ಲೇ ಇತ್ತು. ನಡುವಿಗೆ ತರುವ ಸ್ಪ್ರಿಂಗ್ ಮಾತ್ರ ಇದರಲ್ಲೂ ಸಡಿಲವಾಗಬಹುದು.

ಈಗ ಬೆಲೆ. ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್ 2023ರಲ್ಲಿ 199.99 ಡಾಲರಿಗೆ ಬಂತು. ಹಿಂಬದಿಗೆ ಬಟನ್, ಹೊಂದಿಸಬಹುದಾದ ಟ್ರಿಗರ್ ಎಲ್ಲಾ ಇದೆ, ಆದರೆ ಸ್ಟಿಕ್ ಒಳಗಿರೋದು ಅದೇ ಪೊಟೆನ್ಶಿಯೋಮೀಟರ್! ಏಯ್ಟ್‌ಬಿಟ್‌ಡು ಅಲ್ಟಿಮೇಟ್ 2ಸಿಯಲ್ಲಿ ಸುಮಾರು 30 ಡಾಲರಿಗೇ ಹಾಲ್ ಸ್ಟಿಕ್ ಸಿಗುತ್ತೆ. ಹಾಗಂತ ಎಡ್ಜ್ ಮೋಸ ಅಂತಲ್ಲ. ಅದರ ಸ್ಟಿಕ್ ಮಾಡ್ಯೂಲ್ ಕಿತ್ತು 19.99 ಡಾಲರಿಂದು ಹೊಸದು ಕೂರಿಸಬಹುದು. ಮಾಮೂಲಿ ಕಂಟ್ರೋಲರ್‌ನಲ್ಲಿ ಅದೇ ಕೆಲಸಕ್ಕೆ 14 ಕಡೆ ಬೆಸುಗೆ ಬಿಡಿಸಬೇಕು.

ಕಂಪ್ಯೂಟರ್‌ನಲ್ಲಿ ಆಡೋ ಮಕ್ಕಳಿಗೆ ನಾವು 30 ಡಾಲರಿಂದನ್ನೇ ಹೇಳ್ತೀವಿ. ಪಿಎಸ್5 ಇದ್ದರೆ ಅದು ಕೆಲಸ ಮಾಡಲ್ಲ, ಪೆಟ್ಟಿಗೆ ಮೇಲೆ ಯಾವ ಕನ್ಸೋಲ್‌ಗೆ ಅಂತ ಓದಿಯೇ ತಗೊಳ್ಳಿ. ಜರ್ಮನಿಯ ಕೇಳುಗರೇ, ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ಹೊಸ ವಸ್ತುವಿಗೆ ಎರಡು ವರ್ಷದ ಖಾತರಿ ಇದೆ, ಬಿಲ್ ಎಸೀಬೇಡಿ.

ನಮ್ಮ ಹಳೇದಂತೂ ಇನ್ನೂ ಮೇಜಿನ ಮೇಲೆ ಬಿಚ್ಚಿಕೊಂಡೇ ಬಿದ್ದಿದೆ. 14ರಲ್ಲಿ 9 ಬೆಸುಗೆ ಬಿಡಿಸಿದ್ದೀವಿ.