ಬಿಸಿನೀರು ಬೇಗ ಮುಗಿಯುವುದು ಏಕೆ?



ಹಿಂದೆ ನಮ್ಮ ಬಚ್ಚಲುಮನೆಯಲ್ಲಿ ಹಂಡೆ ಇರುತ್ತಿತ್ತು. ಹಂಡೆಯ ಕೆಳಗೆ ಒಲೆ. ಸೌದೆ, ತೆಂಗಿನ ಗರಿ, ಕರಟ ಹಾಕಿ ಉರಿ ಮಾಡುತ್ತಿದ್ದೆವು. ಎಷ್ಟು ನೀರು ಇದೆ, ಎಷ್ಟು ಕಾದಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಈಗಲೂ ಎಷ್ಟೋ ಮನೆಗಳಲ್ಲಿ ಹಂಡೆ ಇದೆ. ಎಷ್ಟೋ ಮನೆಗಳಿಗೆ ಕರೆಂಟಿನ ಗೀಸರ್ ಬಂದಿದೆ. ಗೀಸರ್ ಎಂದರೆ ಮುಚ್ಚಿದ ಹಂಡೆ ಇದ್ದ ಹಾಗೆ. ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ.

ಬೆಳಿಗ್ಗೆ ಅತ್ತೆ, ಮಾವ ಸ್ನಾನ ಮಾಡುತ್ತಾರೆ. ಯಜಮಾನರು ಮಾಡುತ್ತಾರೆ. ಮಕ್ಕಳು ಮಾಡುತ್ತಾರೆ. ಕೊನೆಗೆ ನಮ್ಮ ಸರದಿ. ನಲ್ಲಿ ತಿರುಗಿಸಿದರೆ ತಣ್ಣೀರು! "ಗೀಸರ್ ಕೆಟ್ಟುಹೋಯ್ತು" ಅಂತೀವಿ. ತಣ್ಣೀರಲ್ಲೇ ಸ್ನಾನ ಮುಗಿಸ್ತೀವಿ. ಇಲ್ಲವೇ ರಿಪೇರಿಯವರನ್ನು ಕರೆದು ದುಡ್ಡು ಕೊಡ್ತೀವಿ.

ಆದರೆ ಎಷ್ಟೋ ಸಲ ಗೀಸರ್ ಕೆಟ್ಟಿರುವುದೇ ಇಲ್ಲ. ಮೊದಲು ಲೆಕ್ಕ ಹಾಕೋಣ. ಆಮೇಲೆ ಪರೀಕ್ಷೆ ಮಾಡೋಣ. ಕೊನೆಗೆ ರಿಪೇರಿಯವರನ್ನು ಕರೆಯೋಣ.

ಗೀಸರಿನ ಮೇಲೆ ಏನು ಬರೆದಿದೆ?

ಗೀಸರಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಇಂಗ್ಲಿಷ್ ಅಕ್ಷರ ಇರಬಹುದು. ಹೆದರುವುದು ಬೇಡ. ಅಂಕಿಗಳು ನಮಗೆ ಗೊತ್ತು.

15 ಅಥವಾ 25 ಎಂದು ಇದ್ದರೆ ಅದು ಲೀಟರ್. ಅಷ್ಟು ನೀರು ಹಿಡಿಯುತ್ತದೆ.
2000 ಎಂದು ಇದ್ದರೆ ಅದು ವ್ಯಾಟ್. ಕಾಯಿಸುವ ಶಕ್ತಿ ಅಷ್ಟು.
230 ಎಂದು ಇದ್ದರೆ ಅದು ವೋಲ್ಟ್. ಅಷ್ಟು ಕರೆಂಟಿನ ಒತ್ತಡ ಬೇಕು.

ಈಗ ಲೆಕ್ಕ ಹಾಕೋಣ

ನಮ್ಮ ಗೀಸರ್ 15 ಲೀಟರಿನದು ಎಂದು ಇಟ್ಟುಕೊಳ್ಳೋಣ. ಚೆನ್ನಾಗಿ ಕಾದ ನೀರನ್ನು ಹಾಗೇ ಮೈಮೇಲೆ ಹಾಕಿಕೊಳ್ಳಲು ಆಗುವುದಿಲ್ಲ. ಒಂದು ಪಾಲು ಬಿಸಿನೀರಿಗೆ ಒಂದು ಪಾಲು ತಣ್ಣೀರು ಬೆರೆಸುತ್ತೇವೆ. 15 ಲೀಟರ್ ಬಿಸಿನೀರು, 15 ಲೀಟರ್ ತಣ್ಣೀರು. ಒಟ್ಟು 30 ಲೀಟರ್. ಅಂದರೆ ಎರಡು ಬಕೆಟ್. ಅಷ್ಟೇ!

ಅದೂ ಪೂರ್ತಿ ಸಿಗುವುದಿಲ್ಲ. ಬಿಸಿನೀರು ಹೊರಗೆ ಬಂದಷ್ಟೂ ತಣ್ಣೀರು ಒಳಗೆ ಹೋಗುತ್ತದೆ. ಒಳಗೆ ಎರಡೂ ಬೆರೆಯುತ್ತವೆ. ಕೊನೆಯ ನೀರು ಉಗುರುಬೆಚ್ಚಗೆ ಬರುತ್ತದೆ.

ಎರಡು ಬಕೆಟ್ ನೀರಲ್ಲಿ ಐದು ಜನ ಸ್ನಾನ ಮಾಡಲು ಆಗುತ್ತದೆಯೇ? ಇಲ್ಲ. ಇದು ಗೀಸರಿನ ತಪ್ಪಲ್ಲ.

ಮತ್ತೆ ಕಾಯಲು ಎಷ್ಟು ಹೊತ್ತು ಬೇಕು? 15 ಲೀಟರಿನ, 2000 ವ್ಯಾಟಿನ ಗೀಸರಿಗೆ ಸುಮಾರು 20 ನಿಮಿಷ ಬೇಕು. ಆದ್ದರಿಂದ ಇಬ್ಬರು ಸ್ನಾನ ಮಾಡಿದ ಮೇಲೆ 20 ನಿಮಿಷ ಬಿಡೋಣ. ಷವರ್ ಬಿಟ್ಟರೆ ನೀರು ಎಷ್ಟು ಹೋಯಿತು ಎಂದು ತಿಳಿಯುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದರೆ ತಿಳಿಯುತ್ತದೆ.

ಕೆಲವು ಮನೆಗಳಲ್ಲಿ 3 ಲೀಟರಿನ ಪುಟ್ಟ ಗೀಸರ್ ಇರುತ್ತದೆ. ಅದು ನೀರು ಹರಿಯುತ್ತಿದ್ದ ಹಾಗೆ ಕಾಯಿಸುತ್ತದೆ. ನಲ್ಲಿ ಜೋರಾಗಿ ಬಿಟ್ಟರೆ ಕಾಯಿಸಲು ಸಮಯ ಸಾಲದು. ನೀರು ತಣ್ಣಗೆ ಬರುತ್ತದೆ. ನಲ್ಲಿಯನ್ನು ಸಣ್ಣಗೆ ಬಿಡಬೇಕು.

ಲೆಕ್ಕ ಸರಿ ಇದ್ದರೂ ನೀರು ಸಾಲದಿದ್ದರೆ?

ಒಬ್ಬರೇ ಸ್ನಾನಕ್ಕೆ ಹೋದರೂ ನಾಲ್ಕು ಚೊಂಬಿಗೇ ಬಿಸಿನೀರು ಮುಗಿಯುತ್ತಿದೆಯೇ? ಹಾಗಾದರೆ ಏನೋ ತೊಂದರೆ ಇದೆ. ಇಬ್ಬರು ನೆರೆಯವರ ಮಾತು ಕೇಳಿ.

ತಂಗಿ: ಅಕ್ಕಾ, ನಮ್ಮ ಗೀಸರಲ್ಲಿ ನೀರು ಕಾಯೋದೇ ಇಲ್ಲ. ಅರ್ಧ ಗಂಟೆ ಹಾಕಿದ್ರೂ ಬೆಚ್ಚಗಷ್ಟೇ ಆಗುತ್ತೆ.
ಅಕ್ಕ: ಆ ಹೊತ್ತಲ್ಲಿ ಫ್ಯಾನ್ ಹೇಗೆ ತಿರುಗುತ್ತಮ್ಮಾ?
ತಂಗಿ: ನಿಧಾನಕ್ಕೆ ತಿರುಗುತ್ತೆ ಅಕ್ಕಾ. ಕರೆಂಟು ತುಂಬಾ ಕಮ್ಮಿ.
ಅಕ್ಕ: ಅದೇ ನೋಡು. ವೋಲ್ಟೇಜ್ ಇಲ್ಲದಿದ್ರೆ ಗೀಸರಿಗೂ ಶಕ್ತಿ ಇರಲ್ಲ. 230 ವೋಲ್ಟ್ ಬರೋ ಕಡೆ 160 ಬಂದ್ರೆ ಕಾಯಿಸೋ ಶಕ್ತಿ ಅರ್ಧ ಆಗಿಬಿಡುತ್ತೆ. ಎರಡರಷ್ಟು ಹೊತ್ತು ಬೇಕು.
ತಂಗಿ: ಹಾಗಾದ್ರೆ ರಿಪೇರಿ ಬೇಡ್ವಾ?
ಅಕ್ಕ: ಮೊದಲು ವೋಲ್ಟೇಜ್ ಚೆನ್ನಾಗಿರೋ ಹೊತ್ತಲ್ಲಿ ಹಾಕಿ ನೋಡು. ಆಗಲೂ ಕಾಯದಿದ್ರೆ ಕರೆಸು.

ಎರಡನೆಯ ಕಾರಣ ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುವುದನ್ನು ನೋಡುತ್ತೇವೆ. ಗೀಸರಿನ ಒಳಗೂ ಹಾಗೇ ಆಗುತ್ತದೆ. ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಆಗ ಬಿಸಿ ನೀರಿಗೆ ಸರಿಯಾಗಿ ತಾಗುವುದಿಲ್ಲ. ಕಾಯುವಾಗ ಕಟಕಟ ಸದ್ದು ಬರಬಹುದು. ಪೊರೆ ದಪ್ಪವಾದರೆ ಕಾಯಿಲ್ ಸುಟ್ಟುಹೋಗುತ್ತದೆ. ರಿಪೇರಿಯವರಿಂದ ಆಗಾಗ ಶುಚಿ ಮಾಡಿಸಬೇಕು.

ಮೂರನೆಯ ಕಾರಣ ಥರ್ಮೋಸ್ಟಾಟ್. ನೀರು ಕಾದ ಮೇಲೆ ಕರೆಂಟು ನಿಲ್ಲಿಸುವುದು ಅದರ ಕೆಲಸ. ಕೆಲವು ಗೀಸರುಗಳಿಗೆ ಹೊರಗೆ ತಿರುಗಿಸುವ ಗುಂಡಿ ಇರುತ್ತದೆ. ಅದನ್ನು ಕಡಿಮೆಗೆ ಇಟ್ಟಿದ್ದರೆ ನೀರು ಬೆಚ್ಚಗಾದ ಕೂಡಲೇ ಕಾಯುವುದು ನಿಲ್ಲುತ್ತದೆ. ಗುಂಡಿ ನೋಡಿ. ಗುಂಡಿ ಇಲ್ಲದಿದ್ದರೆ ರಿಪೇರಿಯವರೇ ನೋಡಬೇಕು.

ನಾಲ್ಕನೆಯ ಕಾರಣ ಮಿಕ್ಸರ್ ನಲ್ಲಿ. ಬಿಸಿನೀರು, ತಣ್ಣೀರು ಒಂದೇ ನಲ್ಲಿಯಲ್ಲಿ ಬರುತ್ತಿದ್ದರೆ ಅದು ಮಿಕ್ಸರ್. ಅದು ಸವೆದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಇದನ್ನು ನಾವೇ ಪರೀಕ್ಷೆ ಮಾಡಬಹುದು.

1. ಗೀಸರಿನ ಸ್ವಿಚ್ ಆರಿಸಿ.
2. ಗೀಸರಿಗೆ ತಣ್ಣೀರು ಹೋಗುವ ಪೈಪಿನ ವಾಲ್ವ್ ಮುಚ್ಚಿ.
3. ಬಿಸಿನೀರಿನ ಕಡೆಯ ನಲ್ಲಿ ಮಾತ್ರ ತಿರುಗಿಸಿ. ಸ್ವಲ್ಪ ನೀರು ಬಂದು ನಿಲ್ಲಬೇಕು.
4. ನಿಲ್ಲದೆ ಬರುತ್ತಲೇ ಇದ್ದರೆ ಮಿಕ್ಸರ್ ಕೆಟ್ಟಿದೆ. ಗೀಸರ್ ಅಲ್ಲ.
5. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆಯಿರಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ. ನೀರಿಲ್ಲದ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಡುತ್ತದೆ.

ಇವುಗಳಿಗೆ ನಾವು ಕೈ ಹಾಕಬಾರದು

ಗೀಸರಿನ ಮುಚ್ಚಳ ನಾವು ಬಿಚ್ಚಬಾರದು. ನೀರು ಮತ್ತು ಕರೆಂಟು ಸೇರಿದರೆ ಜೀವಕ್ಕೆ ಅಪಾಯ. ಮುಟ್ಟಿದಾಗ ಕೈ ಜುಮ್ ಎಂದರೆ ಮತ್ತೆ ಮುಟ್ಟಬೇಡಿ. ಮೇನ್ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಗೀಸರ್ ಬಳಸಬೇಡಿ. ಸ್ನಾನಕ್ಕೆ ಹೋಗುವ ಮೊದಲು ಸ್ವಿಚ್ ಆರಿಸುವುದು ಒಳ್ಳೆಯ ಅಭ್ಯಾಸ.

ಗೀಸರಿನ ಪೈಪಿನ ಹತ್ತಿರ ಒಂದು ಸಣ್ಣ ವಾಲ್ವ್ ಇರುತ್ತದೆ. ನೀರು ಕಾಯುವಾಗ ಅದರಿಂದ ಹನಿ ಹನಿ ನೀರು ತೊಟ್ಟಿಕ್ಕಬಹುದು. ಒಳಗಿನ ಒತ್ತಡ ಹೊರಗೆ ಹೋಗುವ ದಾರಿ ಅದು. ಅದಕ್ಕೆ ಬಟ್ಟೆ ಕಟ್ಟಬಾರದು. ಕಡ್ಡಿ ತುರುಕಬಾರದು. ದಾರಿ ಮುಚ್ಚಿದರೆ ಗೀಸರ್ ಸಿಡಿಯಬಹುದು. ನೀರು ಧಾರೆಯಾಗಿ ಸುರಿದರೆ ರಿಪೇರಿಯವರಿಗೆ ತೋರಿಸಿ.

ಮಕ್ಕಳಿಗೆ ಸ್ನಾನ ಮಾಡಿಸುವಾಗ ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ. ಆಮೇಲೆ ಬಿಸಿನೀರು. ಕೈ ಹಾಕಿ ನೋಡಿ. ಆಮೇಲೆ ಮಗುವನ್ನು ಕರೆಯಿರಿ.

ಬಿಲ್ಲಿನ ಲೆಕ್ಕ

2000 ವ್ಯಾಟಿನ ಗೀಸರ್ ಒಂದು ಗಂಟೆ ಕಾಯಿಸಿದರೆ 2 ಯೂನಿಟ್ ಆಗುತ್ತದೆ. ದಿನಕ್ಕೆ ಒಂದು ಗಂಟೆ, ತಿಂಗಳಿಗೆ 30 ದಿನ. 2 × 30 = 60 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲೂ ಉಚಿತ ಕರೆಂಟಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿ ಇಟ್ಟರು. ಬಿಸಿನೀರಿನ ನಲ್ಲಿ ಸೋರುತ್ತಿದ್ದರೆ ನೀರಿನ ಜೊತೆ ಯೂನಿಟ್ಟೂ ಸೋರುತ್ತದೆ. ನಲ್ಲಿಯ ವಾಷರ್ ಬದಲಾಯಿಸಿ.

ನೆನಪಿಡೋಣ

ರಿಪೇರಿಯವರು ಬಂದಾಗ "ಗೀಸರ್ ಕೆಟ್ಟಿದೆ" ಎಂದಷ್ಟೇ ಹೇಳುವುದು ಬೇಡ. ಎಷ್ಟು ಲೀಟರ್, ಎಷ್ಟು ನಿಮಿಷ ಹಾಕಿದೆವು, ಎಷ್ಟು ಬಕೆಟ್ ಬಂತು ಎಂದು ಹೇಳೋಣ. ಏನು ಬದಲಾಯಿಸಿದರು ಎಂದು ಕೇಳಿ ಬರೆದಿಡೋಣ. ಹಳೆಯ ಸಾಮಾನನ್ನು ಕೇಳಿ ಪಡೆಯೋಣ. ಲೆಕ್ಕ ಗೊತ್ತಿರುವ ಹೆಣ್ಣುಮಗಳಿಗೆ ಮೋಸ ಮಾಡುವುದು ಸುಲಭವಲ್ಲ.

ಇನ್ನೂ ಒಂದು ಮಾತು. ಸ್ನಾನದ ಸರದಿಯನ್ನು ಮನೆಯವರೆಲ್ಲ ಕೂತು ಗೊತ್ತು ಮಾಡೋಣ. ಬಿಸಿನೀರು ಎಲ್ಲರಿಗೂ ಬೇಕು, ನಮಗೂ ಬೇಕು.

ಅಭ್ಯಾಸ

1. ಬಿಟ್ಟ ಸ್ಥಳ ತುಂಬಿರಿ: ಬೋರ್‌ವೆಲ್ ನೀರಿನಿಂದ ಕಾಯಿಲ್ ಮೇಲೆ ______ ಪೊರೆ ಕಟ್ಟುತ್ತದೆ.
2. 25 ಲೀಟರ್ ಬಿಸಿನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಒಟ್ಟು ಎಷ್ಟು ಲೀಟರ್?
3. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಕಾಯಿಸಿದರೆ ಎಷ್ಟು ಯೂನಿಟ್?
4. ಹನಿ ತೊಟ್ಟಿಕ್ಕುವ ವಾಲ್ವನ್ನು ಏಕೆ ಮುಚ್ಚಬಾರದು?
5. ನಿಮ್ಮ ಮನೆಯಲ್ಲಿ ಯಾರ ನಂತರ ಯಾರು ಸ್ನಾನ ಮಾಡುತ್ತಾರೆ? ಹೆಸರು ಬರೆಯಿರಿ. ನಿಮ್ಮ ಹೆಸರು ಎಷ್ಟನೆಯದು?