ಲಗ್ನಪತ್ರಿಕೆಯಲ್ಲಿ ಊರೇ ಇರಲಿಲ್ಲ

ಮಗಳ ಲಗ್ನಪತ್ರಿಕೆ ನಾನೇ ಟೈಪ್ ಮಾಡುತ್ತೇನೆಂದು ಹಟ ಹಿಡಿದೆ. “ದೊಡ್ಡಪ್ಪಾ, ಅಚ್ಚಿಗೆ ಮುಂಚೆ ಒಂದು ಪ್ರೂಫ್ ತೆಗೆಸಿ ನೋಡ್ರಿ” ಎಂದ ತಮ್ಮನ ಮಗ. ಕೇಳಲಿಲ್ಲ.

ತೆಲಂಗಾಣದ ಧಾರೂರಿನ ನಮ್ಮ ಮನೆಗೆ ಎರಡು ಪತ್ರಿಕೆ ಬೇಕು. ಓಣಿಯವರಿಗೆ ತೆಲುಗಿನದು, ಚಿಂಚೋಳಿ, ಸೇಡಂ, ಬೀದರ್ ಕಡೆಯ ಬಳಗಕ್ಕೆ ಕನ್ನಡದ್ದು. ಇಂಗ್ಲಿಷ್ ಕೀಲಿಮಣೆಯ ಮೇಲೆ ಎರಡನ್ನೂ ಇನ್‌ಸ್ಕ್ರಿಪ್ಟ್‌ನಲ್ಲಿ ಹೊಡೆಯುತ್ತೇನೆ. ಅದರಲ್ಲಿ ಎರಡೂ ಭಾಷೆಯ ‘ರ’ಕ್ಕೆ ಜೆ ಕೀಲಿಯೇ. ಶಿಫ್ಟ್ ಹಿಡಿದು ಓ, ಆಮೇಲೆ ಇ, ಜೆ, ಟಿ, ಜೆ, ಜಿ ಒತ್ತಿದರೆ ‘ಧಾರೂರು’. ನಡುವೆ ತೆಲುಗು ಪತ್ರಿಕೆ ತಿದ್ದಲು ಹೋಗಿ ಬಂದವನು ಭಾಷೆ ಬದಲಿಸುವುದನ್ನು ಮರೆತೆ. ಊರ ಹೆಸರು ತೆಲುಗಿನಲ್ಲಿ ಬಿತ್ತು. ಎರಡೂ ಲಿಪಿ ಓದಿ ಬೆಳೆದ ಕಣ್ಣು ಅದನ್ನು ಸರಾಗವಾಗಿ ಓದಿಕೊಂಡು ಮುಂದೆ ಹೋಯಿತು.

ಕಂಪ್ಯೂಟರಿಗೆ ಅವು ಬೇರೆ ಬೇರೆ. ಯೂನಿಕೋಡ್‌ನಲ್ಲಿ ಕನ್ನಡದ ‘ರ’ 3248, ತೆಲುಗಿನದು 3120. ಪ್ರೆಸ್ಸಿನಲ್ಲಿ ಹಳೆಯ ನುಡಿ ಫಾಂಟಿಗೆ ಪರಿವರ್ತಿಸುವಾಗ ಕನ್ನಡವಷ್ಟೇ ಬದಲಾಯಿತು; ಆ ಫಾಂಟಿನಲ್ಲಿಲ್ಲದ ತೆಲುಗು ಹಾಗೇ ಉಳಿಯಿತು.

ಲಗ್ನಕ್ಕೆ ಒಂಬತ್ತು ದಿನವಿತ್ತು. ಮುನ್ನೂರು ಪತ್ರಿಕೆಯ ಕಟ್ಟು ಬಿಚ್ಚಿ ದೇವರ ಮುಂದಿಟ್ಟು ಅರಿಶಿನ ಹಚ್ಚಿದೆವು. ಅವ್ವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದಳು. ಮೊಮ್ಮಗಳ ಹೆಸರಿಗೆ ನಕ್ಕಳು. ತೀರಿಹೋದ ಅಪ್ಪನ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ‘ಸ್ಥಳ’ ಎಂಬಲ್ಲಿಗೆ ಬಂದು ಮತ್ತೆ ನಿಂತಿತು. “ತಮ್ಮಾ, ಇಲ್ಲಿ ಬರೇ ಚೌಕ ಅದಾವಲ್ಲ. ಊರೆಲ್ಲದ?” ಕಸಿದುಕೊಂಡು ನೋಡಿದೆ. ಸಾಲಾಗಿ ಖಾಲಿ ಚೌಕಗಳು. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ, ಕಟ್ಟಿನ ತಳದ್ದನ್ನೂ ಎಳೆದು ನೋಡಿದೆ. ಕೈ ನಡುಗುತ್ತಿತ್ತು. ಮಗಳು ಮಾತಾಡದೆ ಒಳಗೆ ಹೋದಳು.

ಪ್ರೆಸ್ಸಿನವನಿಗೆ ಫೋನ್ ಮಾಡಿದರೆ “ನೀವು ಕೊಟ್ಟದ್ದೇ ಹಾಕೀವ್ರಿ” ಎಂದ. ಮುನ್ನೂರು ಹಾಳೆಯಲ್ಲಿ ಒಂದನ್ನಾದರೂ ಕಣ್ಣೆತ್ತಿ ನೋಡಬಾರದಿತ್ತೇ? ಆ ಸಿಟ್ಟು ಇನ್ನೂ ಇಳಿದಿಲ್ಲ. ತಪ್ಪಿನ ಮೊದಲ ಪಾಲು ಮಾತ್ರ ನನ್ನ ಹಟದ್ದೇ.

ಎರಡು ಭಾಷೆಯಲ್ಲಿ ಟೈಪ್ ಮಾಡುವವರಿಗೆ ಹೇಳುವುದಿಷ್ಟು. ಭಾಷೆ ಬದಲಿಸಿ ಬಂದಾಗ ಮೊದಲು ‘ಕ’ ಹೊಡೆದು ನೋಡಿ. ‘ರ’ ಮೋಸ ಮಾಡಿದರೂ ಎರಡು ಲಿಪಿಯ ‘ಕ’ ಬೇರೆಯೇ ಕಾಣುತ್ತದೆ. ಮುಗಿದ ಮೇಲೆ ಮುಖ್ಯ ಹೆಸರುಗಳನ್ನು ಕನ್ನಡದಲ್ಲಿ ಹುಡುಕಿ. ಸಿಗದಿದ್ದರೆ ಅಲ್ಲಿ ತೆಲುಗು ಕೂತಿರಬಹುದು. ಪ್ರೂಫ್ ಕಾಗದದ ಮೇಲೆ ತೆಗೆಸಿ, ಬೇರೆಯವರಿಂದ ಓದಿಸಿ.

ಆ ರಾತ್ರಿ ಎಲ್ಲರೂ ಪೆನ್ನು ಹಿಡಿದು ಕೂತೆವು. ಚೌಕಗಳ ಮೇಲೆ ಬಿಳಿ ಚೀಟಿ ಅಂಟಿಸಿ ಮುನ್ನೂರು ಸಲ ‘ಧಾರೂರು’ ಬರೆದೆವು. ಅವ್ವ ಬರೆದದ್ದು ಹನ್ನೊಂದು. ಅದರಲ್ಲೊಂದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇನೆ.