ಯಾರೂ ಬರೆಯದ ನಕ್ಷೆ

ರೇಡಿಯೊ ರಿಪೇರಿಯವನು ಮುಂದೆ ನಕ್ಷೆ ಹರಡಿಕೊಂಡು ಕುಳಿತಿರುವುದನ್ನು ನೀವು ಕಂಡಿರಬಹುದು. ಯಾವ ತಂತಿ ಏಕೆ ಎಲ್ಲಿಗೆ ಹೋಗಬೇಕೆಂಬುದನ್ನು ಬಲ್ಲ ಎಂಜಿನಿಯರೊಬ್ಬ ಅದನ್ನು ಬರೆದಿರುತ್ತಾನೆ. ಬರೆಯುವವನೇ ಇಲ್ಲದೆ ವಿದ್ಯುನ್ಮಂಡಲವೊಂದು ಹುಟ್ಟೀತೇ? ಹುಟ್ಟಿದೆ.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಥಾಂಪ್ಸನ್ ಎಂಬವರು 1996ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಒಳಗಿನ ಜೋಡಣೆಯನ್ನು ಬೇಕಾದಂತೆ ಬದಲಿಸಬಹುದಾದ ಚಿಪ್ಪೊಂದರಲ್ಲಿ ಅವರು 100 ಮನೆಗಳಷ್ಟು ಜಾಗವನ್ನು ಆರಿಸಿಕೊಂಡರು. ಸೆಕೆಂಡಿಗೆ 1000 ಕಂಪನಗಳ ಸ್ವರ ಯಾವುದು, 10000 ಕಂಪನಗಳದು ಯಾವುದು ಎಂದು ಅದು ಗುರುತಿಸಬೇಕು. ಕಾಲವನ್ನು ಅಳೆಯಲು ಗಡಿಯಾರದ ಮಿಡಿತವನ್ನು ಮಾತ್ರ ಅದಕ್ಕೆ ಕೊಡಲಿಲ್ಲ.

ನಮ್ಮ ರೈತರು ಒಳ್ಳೆಯ ತೆನೆಯನ್ನು ಬೀಜಕ್ಕೆಂದು ತೆಗೆದಿಡುವುದಿಲ್ಲವೇ? ಇಲ್ಲಿಯ ಕ್ರಮವೂ ಅದೇ. ಮನಬಂದಂತೆ ಜೋಡಿಸಿದ 50 ಮಂಡಲಗಳನ್ನು ಕಂಪ್ಯೂಟರು ಒಂದೊಂದಾಗಿ ಚಿಪ್ಪಿನಲ್ಲಿ ಇಳಿಸಿ, ಸ್ವರ ಕೇಳಿಸಿ, ಅಂಕ ಹಾಕಿತು. ಹೆಚ್ಚು ಅಂಕ ಪಡೆದವುಗಳ ಜೋಡಣೆಗಳನ್ನು ಒಂದರೊಡನೆ ಒಂದು ಬೆರೆಸಿ, ಅಲ್ಲಲ್ಲಿ ಕೊಂಚ ಕೆಡಿಸಿ, ಮುಂದಿನ 50ನ್ನು ಹುಟ್ಟಿಸಿತು. ಮೊದಲಿನವು ಶುದ್ಧ ನಿಷ್ಪ್ರಯೋಜಕ. ಆದರೆ ಸಾವಿರಾರು ತಲೆಮಾರು ಕಳೆಯುವಷ್ಟರಲ್ಲಿ ಎರಡು ಸ್ವರಗಳನ್ನೂ ತಪ್ಪಿಲ್ಲದೆ ಬೇರ್ಪಡಿಸುವ ಮಂಡಲ ಬಂತು.

ಅದು ಹೇಗೆ ಕೆಲಸಮಾಡುತ್ತದೆ? ಇಲ್ಲಿಯೇ ತೊಡಕು. ಹೌದು-ಅಲ್ಲ ಎಂಬ ಎರಡೇ ಸ್ಥಿತಿಗಳಿಗಾಗಿ ಮಾಡಿದ ಚಿಪ್ಪನ್ನು ಅದು ಏರಿಳಿಯುವ ವಿದ್ಯುತ್ತಿನ ಉಪಕರಣವನ್ನಾಗಿ ಬಳಸಿಕೊಂಡಿತ್ತು. ಕೆಲವು ಮನೆಗಳಿಂದ ಹೊರದಾರಿಗೆ ತಂತಿಯ ಸಂಬಂಧವೇ ಇರಲಿಲ್ಲ. ಆದರೂ ಅವನ್ನು ತಡೆದಿಟ್ಟರೆ ಕೆಲಸ ಕೆಡುತ್ತಿತ್ತು! ಅದೇ ಜೋಡಣೆಯನ್ನು ಚಿಪ್ಪಿನ ಇನ್ನೊಂದು ಮೂಲೆಗೆ ಸಾಗಿಸಿದರೆ ಮೊದಲಿನಷ್ಟು ಸರಿಯಾಗಿ ನಡೆಯಲಿಲ್ಲ. ಸೆಕೆ-ಚಳಿ ಸುಮಾರು 10 ಡಿಗ್ರಿಯ ಅಂತರವನ್ನು ಮೀರಿದರೂ ತಪ್ಪುತ್ತಿತ್ತು. ಜಮಾಖರ್ಚು ತಾಳೆಯಾಗಿದೆ, ಹೇಗೆಂದು ಮಾತ್ರ ಕೇಳಬೇಡಿ ಎಂದರೆ ನಮ್ಮ ಮಿಲ್ಲಿನ ಹೆಡ್ ಕ್ಲಾರ್ಕರು ಒಪ್ಪಿಯಾರೇ? ಹೃದಯದ ಬಡಿತವನ್ನು ಅಳೆಯುವ ಯಂತ್ರದೊಳಗೆ ಇಂಥ ಮಂಡಲವನ್ನು ಇಡಲು ನಾನಂತೂ ಒಪ್ಪಲಾರೆ. ಬೇರೆ ಬೇರೆ ಚಿಪ್ಪುಗಳಲ್ಲಿ, ಬೇರೆ ಬೇರೆ ಶಾಖದಲ್ಲಿ ಪರೀಕ್ಷಿಸಿಯೇ ಅಂಕ ಕೊಡುವುದು ಇದಕ್ಕೊಂದು ಉಪಾಯ. ಥಾಂಪ್ಸನ್ನರೂ ಮುಂದೆ ಆ ದಾರಿಯನ್ನೇ ಹಿಡಿದರು.

ಅಂಕ ಕೊಡುವವನು ಎಷ್ಟು ಎಚ್ಚರವಾಗಿರಬೇಕೆಂಬುದಕ್ಕೆ ಜಾನ್ ಬರ್ಡ್ ಮತ್ತು ಪಾಲ್ ಲೇಯ್ಜೆಲ್ ಎಂಬವರು 2002ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ತಾನಾಗಿಯೇ ಏರಿಳಿಯುವ ವಿದ್ಯುತ್ತನ್ನು ಹುಟ್ಟಿಸುವ ಮಂಡಲ ಅವರಿಗೆ ಬೇಕಾಗಿತ್ತು. ಹೊರದಾರಿಯಲ್ಲಿ ಏರಿಳಿತ ಕಂಡಿತು, ಅಂಕವೂ ಬಂತು. ಹುಡುಕಿ ನೋಡಿದರೆ, ಮಂಡಲವು ತಾನು ಏನನ್ನೂ ಹುಟ್ಟಿಸುತ್ತಿರಲಿಲ್ಲ. ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನೇ ಏರಿಯಲ್ ಮಾಡಿಕೊಂಡು, ಹತ್ತಿರದ ಕಂಪ್ಯೂಟರಿನಿಂದ ಹೊರಡುತ್ತಿದ್ದ ರೇಡಿಯೊ ಅಲೆಗಳನ್ನು ಹಿಡಿದು, ದೊಡ್ಡದು ಮಾಡಿ ಒಪ್ಪಿಸುತ್ತಿತ್ತು.